ಪ್ರೌಢಶಾಲೆಯ ರಸಾಯನಶಾಸ್ತ್ರ ಶಿಕ್ಷಕರಾಗಲು ಸಂಯೋಜಿತ ಪದವಿ: ಸೇರುವ ಮುನ್ನ ಏನನ್ನು ನೋಡಬೇಕು

ರಸಾಯನಶಾಸ್ತ್ರದ ಶಿಕ್ಷಕರಾಗಲು ಬಹುತೇಕ ದೇಶಗಳಲ್ಲಿ ಎರಡು ದಾರಿಗಳಿವೆ. ಮೊದಲು ವಿಜ್ಞಾನ ಪದವಿಯನ್ನು ಮುಗಿಸಿ ಅನಂತರ ಬೋಧನೆಯ ತರಬೇತಿಯನ್ನು ಪಡೆಯುವುದು ಒಂದು. ವಿಷಯವನ್ನೂ ಬೋಧನೆಯನ್ನೂ ಮೊದಲಿನಿಂದಲೇ ಜೊತೆಜೊತೆಯಾಗಿ ಕಲಿಯುವುದು ಇನ್ನೊಂದು. ಎರಡನೆಯದನ್ನು ಸಂಯೋಜಿತ ಪದವಿ ಅಥವಾ ಇಂಟಿಗ್ರೇಟೆಡ್ ಕೋರ್ಸ್ ಎನ್ನುತ್ತಾರೆ. ಇದನ್ನು ಆರಿಸುವವರಲ್ಲಿ ಹೆಚ್ಚಿನವರು ಮೊದಲು ನೋಡುವುದು ಉಳಿಯುವ ಒಂದು ವರ್ಷವನ್ನು. ಭಾರತದಲ್ಲಿ ಮೂರು ವರ್ಷದ ಬಿ.ಎಸ್ಸಿ. ಮತ್ತು ಎರಡು ವರ್ಷದ ಬಿ.ಇಡಿ. ಸೇರಿದರೆ ಐದು ವರ್ಷವಾಗುವಲ್ಲಿ ಸಂಯೋಜಿತ ಕೋರ್ಸು ನಾಲ್ಕೇ ವರ್ಷಗಳಲ್ಲಿ ಮುಗಿಯುತ್ತದೆ. ಆದರೆ ಈ ಕೋರ್ಸಿನ ನಿಜವಾದ ಬೆಲೆಯನ್ನು ಬೇರೆ ಕಡೆ ಹುಡುಕಬೇಕು. ಉಷ್ಣಗತಿಶಾಸ್ತ್ರವನ್ನು ಬೆಳಿಗ್ಗೆ ಕಲಿತ ವಿದ್ಯಾರ್ಥಿಯು ಅದನ್ನೇ ಹದಿನೈದು ವರ್ಷದ ಮಕ್ಕಳಿಗೆ ಹೇಗೆ ಹೇಳಬೇಕೆಂದು ಅದೇ ವಾರ ಯೋಚಿಸುವಂತೆ ಕೋರ್ಸು ಮಾಡಿದರೆ ಅದು ಸಾರ್ಥಕ. ಎರಡು ವಿಭಾಗಗಳು ಪರಸ್ಪರ ಮಾತನಾಡದೆ ತಮ್ಮ ಪಾಡಿಗೆ ತಾವು ಪಾಠ ಮಾಡಿಕೊಂಡು ಹೋದರೆ ಉಳಿಯುವುದು ಆ ಒಂದು ವರ್ಷ ಮಾತ್ರ.

ಇಂತಹ ಕೋರ್ಸುಗಳ ರಚನೆ ಒಂದೇ ತೆರನಾಗಿಲ್ಲ. ಭಾರತದಲ್ಲಿ 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಗಳು ನಾಲ್ಕು ವರ್ಷದ ಸಂಯೋಜಿತ ಪದವಿಗೆ ದಾರಿ ಹಾಕಿದವು. 2023-24ರಿಂದ ಐಟೆಪ್ (ಇಂಟಿಗ್ರೇಟೆಡ್ ಟೀಚರ್ ಎಜುಕೇಶನ್ ಪ್ರೋಗ್ರಾಂ) ಎಂಬ ಹೆಸರಿನ ಹೊಸ ನಾಲ್ಕು ವರ್ಷದ ಕೋರ್ಸು ಬೇರೆ ಸಂಸ್ಥೆಗಳಲ್ಲೂ ಆರಂಭವಾಗಿದೆ. ಆಸ್ಟ್ರೇಲಿಯಾದಲ್ಲಿ ವಿಜ್ಞಾನ ಮತ್ತು ಶಿಕ್ಷಣ ಎರಡರಲ್ಲೂ ಪದವಿ ಕೊಡುವ ಜೋಡಿ ಪದವಿಗಳಿವೆ. ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯವು 1997ರಲ್ಲಿ ಆರಂಭಿಸಿದ ಯುಟೀಚ್ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಯು ತನ್ನ ವಿಜ್ಞಾನ ವಿಷಯದ ಪೂರ್ಣ ಪದವಿಯನ್ನೇ ಓದುತ್ತಾನೆ; ಬೋಧನೆಯ ಅರ್ಹತೆಯನ್ನು ಅದರೊಳಗೆ ಹೆಣೆಯಲಾಗಿದೆ. ಫಿನ್ಲೆಂಡ್‌ನಲ್ಲಿ ವಿಷಯ ಶಿಕ್ಷಕರಿಗೆ ಸ್ನಾತಕೋತ್ತರ ಪದವಿಯೇ ಬೇಕು. ಒಟ್ಟು 300 ಕ್ರೆಡಿಟ್‌ಗಳಲ್ಲಿ 60 ಬೋಧನಶಾಸ್ತ್ರಕ್ಕೆ ಸಲ್ಲುತ್ತವೆ.

ಕೋರ್ಸುಗಳ ಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮೊದಲು ಯಾವ ತರಗತಿಗೆ, ಯಾವ ದೇಶ ಅಥವಾ ರಾಜ್ಯದಲ್ಲಿ ಪಾಠ ಮಾಡಲು ಬಯಸುತ್ತೀರಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಅಲ್ಲಿನ ನೇಮಕಾತಿ ನಿಯಮಗಳನ್ನು ಓದಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ಈ ಕೆಲಸವನ್ನು ಕಡೆಗಣಿಸಿ ತೊಂದರೆಗೆ ಸಿಕ್ಕಿಕೊಳ್ಳುವವರು ಬಹಳ. ಭಾರತದ ಶಾಲೆಗಳಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳಲ್ಲಿ ಸಾಮಾನ್ಯವಾಗಿ ಪಾಠವಾಗುವುದು ‘ವಿಜ್ಞಾನ’. ರಸಾಯನಶಾಸ್ತ್ರವು ಪ್ರತ್ಯೇಕ ವಿಷಯವಾಗುವುದು ಹನ್ನೊಂದನೆಯ ತರಗತಿಯಿಂದ, ಮತ್ತು ಅಲ್ಲಿ ಕಲಿಸಲು ರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಕೇಳುವುದು ವಾಡಿಕೆ. ಆದ್ದರಿಂದ ರಸಾಯನಶಾಸ್ತ್ರವನ್ನೇ ಕಲಿಸುತ್ತೇನೆಂದು ನಿರ್ಧರಿಸಿದವರಿಗೆ ನಾಲ್ಕು ವರ್ಷದ ಪದವಿಯು ದಾರಿಯ ಅರ್ಧ ಮಾತ್ರ. ಆ ಪದವಿಯ ಬಳಿಕ ಎಂ.ಎಸ್ಸಿ. ಪ್ರವೇಶ ಸಿಗುತ್ತದೆಯೇ ಎಂದು ಸೇರುವ ದಿನವೇ ಕೇಳಬೇಕು. ಜರ್ಮನಿಯಲ್ಲಿ ಇನ್ನೊಂದು ಬಗೆಯ ನಿಯಮವಿದೆ. ಅಲ್ಲಿ ಶಿಕ್ಷಕರು ಸಾಮಾನ್ಯವಾಗಿ ಎರಡು ವಿಷಯಗಳಲ್ಲಿ ಅರ್ಹತೆ ಪಡೆಯಬೇಕು, ಮತ್ತು ವಿಶ್ವವಿದ್ಯಾಲಯದ ಓದು ಮುಗಿದ ಮೇಲೆ ರಾಜ್ಯಕ್ಕೆ ಅನುಗುಣವಾಗಿ 12ರಿಂದ 24 ತಿಂಗಳ ಶಾಲಾ ತರಬೇತಿಯನ್ನು ಪೂರೈಸಬೇಕು. ಎರಡನೆಯ ವಿಷಯವನ್ನು ಆರಿಸುವ ಅವಕಾಶವಿದ್ದರೆ ಗಣಿತ ಅಥವಾ ಭೌತಶಾಸ್ತ್ರವನ್ನು ಆರಿಸಿಕೊಳ್ಳುವುದು ಒಳ್ಳೆಯದೆಂದು ನನಗೆ ಅನಿಸುತ್ತದೆ. ಕೆಲಸ ಸಿಗುವ ಅನುಕೂಲದ ಮಾತು ಒತ್ತಟ್ಟಿಗಿರಲಿ, ಭೌತ ರಸಾಯನಶಾಸ್ತ್ರದಲ್ಲಿ ಮಕ್ಕಳು ಎಡವುವ ಜಾಗಗಳಲ್ಲಿ ಹಲವು ವಾಸ್ತವವಾಗಿ ಗಣಿತದ ಜಾಗಗಳೇ ಆಗಿರುತ್ತವೆ.

ಮುಂದೆ ಪಠ್ಯಕ್ರಮದ ರಸಾಯನಶಾಸ್ತ್ರ ಭಾಗವನ್ನು ಪರಿಶೀಲಿಸಿ. ಅದೇ ವಿಶ್ವವಿದ್ಯಾಲಯದ ಸಾಮಾನ್ಯ ಬಿ.ಎಸ್ಸಿ. ಪಠ್ಯಕ್ರಮವನ್ನು ಪಕ್ಕದಲ್ಲಿಟ್ಟುಕೊಂಡು ಸಾವಯವ, ನಿರವಯವ, ಭೌತ ಮತ್ತು ವಿಶ್ಲೇಷಣಾತ್ಮಕ ರಸಾಯನಶಾಸ್ತ್ರಗಳಲ್ಲಿ ಯಾವುದನ್ನು ಮೊಟಕುಗೊಳಿಸಿದ್ದಾರೆ, ಪ್ರಯೋಗಾಲಯದ ಗಂಟೆಗಳು ಎಷ್ಟು ಇಳಿದಿವೆ ಎಂದು ಹೋಲಿಸಿ ನೋಡಿ. ಸ್ವಲ್ಪ ಕಡಿತ ಅನಿವಾರ್ಯ. ಆದರೆ ಪ್ರಯೋಗಾಲಯದ ಗಂಟೆಗಳಿಗೇ ಹೆಚ್ಚಿನ ಕತ್ತರಿ ಬಿದ್ದಿದ್ದರೆ ಆ ಕೋರ್ಸನ್ನು ಬಿಟ್ಟು ಬೇರೆಯದನ್ನು ನೋಡಿ ಎಂದೇ ನಾನು ಹೇಳುತ್ತೇನೆ.

ನಿರ್ಣಾಯಕವಾದ ಪ್ರಶ್ನೆ ಇರುವುದು ಬೋಧನಾ ವಿಧಾನದ ಪತ್ರಿಕೆಯಲ್ಲಿ. ರಸಾಯನಶಾಸ್ತ್ರದ ಬೋಧನೆಗೆ ಪ್ರತ್ಯೇಕ ಪತ್ರಿಕೆ ಇದೆಯೇ, ಅಥವಾ ಎಲ್ಲ ವಿಜ್ಞಾನಗಳಿಗೂ ಸೇರಿ ಒಂದೇ ಪತ್ರಿಕೆಯೇ? ಅದನ್ನು ಕಲಿಸುವವರು ಶಾಲೆಯಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವರೇ? 1986ರಲ್ಲಿ ಅಮೆರಿಕದ ಶಿಕ್ಷಣ ಚಿಂತಕ ಲೀ ಶುಲ್ಮನ್ ಅವರು, ವಿಷಯದ ಜ್ಞಾನ ಒಂದಾದರೆ ಆ ವಿಷಯವನ್ನು ಕಲಿಯುವವರಿಗೆ ಎಟುಕುವಂತೆ ಮಾಡುವ ಜ್ಞಾನ ಇನ್ನೊಂದು, ಶಿಕ್ಷಕರಿಗೇ ವಿಶಿಷ್ಟವಾದದ್ದು ಆ ಎರಡನೆಯದು ಎಂಬ ವಿಚಾರವನ್ನು ಮುಂದಿಟ್ಟರು. ರಸಾಯನಶಾಸ್ತ್ರದಲ್ಲಿ ಇದು ಎಷ್ಟು ನಿಜ ಎಂಬುದಕ್ಕೆ ಪರಮಾಣುಗಳನ್ನು ಜೋಡಿಸಿಡುವ ಬಂಧಗಳ ಶಕ್ತಿಯ, ಅಂದರೆ ಬಂಧಶಕ್ತಿಯ ಪಾಠವೇ ಸಾಕ್ಷಿ. ‘ಬಂಧ ಒಡೆದಾಗ ಶಕ್ತಿ ಬಿಡುಗಡೆಯಾಗುತ್ತದೆ’ ಎಂದು ನಂಬಿಕೊಂಡು ಬರುವ ಮಕ್ಕಳು ಬಹಳ ಮಂದಿ ಇದ್ದಾರೆ. ನಿಜದಲ್ಲಿ ಬಂಧವನ್ನು ಒಡೆಯಲು ಶಕ್ತಿ ವ್ಯಯವಾಗುತ್ತದೆ; ಹೊಸ ಬಂಧಗಳು ಏರ್ಪಡುವಾಗ ಶಕ್ತಿ ಹೊರಬರುತ್ತದೆ. ಜೀವಶಾಸ್ತ್ರದ ತರಗತಿಯಲ್ಲಿ, ಜೀವಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನ ‘ಅಧಿಕ ಶಕ್ತಿಯ ಬಂಧ’ ಎಂಬ ಮಾತನ್ನು ಕೇಳಿಸಿಕೊಂಡ ಮಗುವು ಈ ತಪ್ಪನ್ನು ಮಾಡುವುದರಲ್ಲಿ ಆಶ್ಚರ್ಯವೇನಿಲ್ಲ. ಸರಿಯಾದ ವಾಕ್ಯವನ್ನು ಹಲಗೆಯ ಮೇಲೆ ಬರೆದುಬಿಟ್ಟರೆ ಆ ನಂಬಿಕೆ ಹೋಗುವುದಿಲ್ಲ. ಅದು ಎಲ್ಲಿಂದ ಬಂತೆಂದು ಗುರುತಿಸಿ, ಅಲ್ಲಿಂದಲೇ ಬಿಡಿಸಬೇಕಾಗುತ್ತದೆ. ಬಂಧಶಕ್ತಿಯ ಲೆಕ್ಕಗಳನ್ನು ತಪ್ಪಿಲ್ಲದೆ ಮಾಡುವ ಪದವೀಧರರಿಗೂ ಈ ಬಿಡಿಸುವ ಕೆಲಸ ತಾನಾಗಿಯೇ ಬರುವುದಿಲ್ಲ.

ರಸಾಯನಶಾಸ್ತ್ರದ ಕಲಿಕೆಯನ್ನು ಅಧ್ಯಯನ ಮಾಡಿದ ಸ್ಕಾಟ್ಲೆಂಡಿನ ಅಲೆಕ್ಸ್ ಜಾನ್‌ಸ್ಟನ್ ಅವರು ತೋರಿಸಿಕೊಟ್ಟ ಮೂರು ಸ್ತರಗಳನ್ನು ಈ ಪತ್ರಿಕೆಯಲ್ಲಿ ಕಲಿಸುತ್ತಾರೆಯೇ ಎಂದೂ ವಿಚಾರಿಸಿ. ಕಣ್ಣಿಗೆ ಕಾಣುವ ಬಣ್ಣ ಮತ್ತು ಗುಳ್ಳೆಗಳು, ಕಾಣದ ಅಣು ಮತ್ತು ಅಯಾನುಗಳು, ಕಾಗದದ ಮೇಲಿನ ಸಂಕೇತ ಮತ್ತು ಸಮೀಕರಣಗಳು ಎಂಬ ಈ ಮೂರರ ನಡುವೆ ರಸಾಯನಶಾಸ್ತ್ರಜ್ಞರು ಒಂದೇ ವಾಕ್ಯದಲ್ಲಿ ಸಲೀಸಾಗಿ ಓಡಾಡುತ್ತಾರೆ. ಹೊಸದಾಗಿ ಕಲಿಯುವ ಮಗುವಿಗೆ ಮೂರನ್ನೂ ಒಮ್ಮೆಲೇ ಹಿಡಿದಿಟ್ಟುಕೊಳ್ಳುವುದು ಕಷ್ಟ. ಕಣಗಳ ಎಣಿಕೆಯಿಂದ ಪದಾರ್ಥದ ಪ್ರಮಾಣವನ್ನು ಹೇಳುವ ಮೋಲ್ ಪರಿಕಲ್ಪನೆಯು ಹಲವರಿಗೆ ಬೆಟ್ಟದಂತೆ ಕಾಣುವುದಕ್ಕೆ ಇದೂ ಒಂದು ಕಾರಣ: ತಕ್ಕಡಿಯಲ್ಲಿ ತೂಗಿದ 12 ಗ್ರಾಂ ಇಂಗಾಲ, ಸುಮಾರು 6.022×10²³ ಪರಮಾಣುಗಳು ಮತ್ತು ಸಮೀಕರಣದಲ್ಲಿನ ಒಂದು ಅಂಕಿ, ಇವು ಮೂರೂ ಅಲ್ಲಿ ಒಂದರ ಮೇಲೊಂದು ಕುಳಿತಿರುತ್ತವೆ. ಇಂತಹ ಪಾಠಗಳನ್ನು ಯೋಜಿಸಿ, ಸಹಪಾಠಿಗಳ ಮುಂದೆ ಮಾಡಿ ತೋರಿಸಿ, ತಿದ್ದಿಸಿಕೊಳ್ಳುವ ಅವಕಾಶವಿರುವ ಕೋರ್ಸು ಸಿಕ್ಕರೆ ಉಳಿದ ಚಿಕ್ಕಪುಟ್ಟ ಕೊರತೆಗಳನ್ನು ಸಹಿಸಿಕೊಳ್ಳಬಹುದು.

ಶಾಲೆಯಲ್ಲಿ ಕಳೆಯುವ ದಿನಗಳ ಲೆಕ್ಕವೂ ಮುಖ್ಯ. ಆಸ್ಟ್ರೇಲಿಯಾದ ರಾಷ್ಟ್ರೀಯ ಮಾನದಂಡಗಳು ಮೊದಲ ಪದವಿ ಮತ್ತು ಜೋಡಿ ಪದವಿಯ ಕೋರ್ಸುಗಳಿಗೆ ಕನಿಷ್ಠ 80 ದಿನಗಳನ್ನೂ, ಪದವಿಯ ನಂತರದ ತರಬೇತಿಗೆ ಕನಿಷ್ಠ 60 ದಿನಗಳನ್ನೂ ಗೊತ್ತುಪಡಿಸಿವೆ. ಸಂಯೋಜಿತ ಕೋರ್ಸಿಗೆ ಇಲ್ಲಿ ಸಹಜವಾದ ಒಂದು ಅನುಕೂಲವಿದೆ: ಶಾಲೆಯ ಒಡನಾಟವನ್ನು ವರ್ಷಗಳ ಉದ್ದಕ್ಕೂ ಹಂಚಬಹುದು. ಮೊದಲನೆಯ ವರ್ಷದಲ್ಲಿ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವುದು, ಎರಡನೆಯದರಲ್ಲಿ ಚಿಕ್ಕ ಗುಂಪಿಗೆ ಹೇಳಿಕೊಡುವುದು, ಕೊನೆಗೆ ಪೂರ್ಣ ತರಗತಿಯ ಹೊಣೆ ಹೊರುವುದು. ಇವೆಲ್ಲವನ್ನೂ ಕೊನೆಯ ಸೆಮಿಸ್ಟರಿಗೆ ತುರುಕಿದ ಕೋರ್ಸು ಆ ಅನುಕೂಲವನ್ನು ತಾನೇ ಕೈಬಿಟ್ಟಂತೆ. ಈ ಕೆಲಸ ತನಗೆ ಒಗ್ಗುತ್ತದೆಯೇ ಎಂಬುದು ವಿದ್ಯಾರ್ಥಿಗೆ ಮೊದಲ ವರ್ಷದಲ್ಲೇ ತಿಳಿಯಬೇಕು, ನಾಲ್ಕನೆಯ ವರ್ಷದಲ್ಲಿ ತಿಳಿದು ಪ್ರಯೋಜನವಿಲ್ಲ.

ಮಾನ್ಯತೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಕೋರ್ಸಿಗೆ ಸಂಬಂಧಪಟ್ಟ ಪ್ರಾಧಿಕಾರದ ಮನ್ನಣೆ ಇದೆಯೇ ಎಂಬುದನ್ನು ಕಾಲೇಜಿನ ಜಾಹೀರಾತಿನಲ್ಲಿ ನೋಡಿ ನಂಬದೆ ಪ್ರಾಧಿಕಾರದ ಪಟ್ಟಿಯಲ್ಲೇ ನೋಡಬೇಕು. ಭಾರತದಲ್ಲಿ ಅದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು. ಪದವಿಯ ಜೊತೆಗೆ ಪರೀಕ್ಷೆಗಳೂ ಇರಬಹುದು. ಐಟೆಪ್‌ಗೆ ರಾಷ್ಟ್ರೀಯ ಮಟ್ಟದ ಪ್ರವೇಶ ಪರೀಕ್ಷೆಯಿದೆ. ಆಸ್ಟ್ರೇಲಿಯಾದಲ್ಲಿ ಶಿಕ್ಷಕ ವಿದ್ಯಾರ್ಥಿಗಳು ಭಾಷೆ ಮತ್ತು ಅಂಕಗಣಿತದ ಸಾಮರ್ಥ್ಯವನ್ನು ಅಳೆಯುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಒಂದು ದೇಶದಲ್ಲಿ ಓದಿ ಇನ್ನೊಂದರಲ್ಲಿ ಕಲಿಸುವ ಯೋಚನೆಯಿದ್ದರೆ, ಶಾಲೆಯಲ್ಲಿ ಕಳೆದ ದಿನಗಳಿಗೂ ಪ್ರತಿ ಪತ್ರಿಕೆಯ ಗಂಟೆಗಳಿಗೂ ಸಹಿ ಮಾಡಿದ ದಾಖಲೆಯನ್ನು ಓದುತ್ತಿರುವಾಗಲೇ ಪಡೆದಿಟ್ಟುಕೊಳ್ಳಿ.

ಸಂಯೋಜಿತ ಪದವಿ ಎಲ್ಲರಿಗೂ ಒಪ್ಪುವಂಥದ್ದಲ್ಲ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿಯೇ ವೃತ್ತಿಯನ್ನು ನಿಶ್ಚಯಿಸಲು ಅದು ಹೇಳುತ್ತದೆ. ಸಂಶೋಧನೆಯತ್ತಲೂ ಮನಸ್ಸು ಎಳೆಯುತ್ತಿದ್ದರೆ, ಇನ್ನೂ ಖಚಿತವಾಗಿಲ್ಲದಿದ್ದರೆ, ಮೊದಲು ರಸಾಯನಶಾಸ್ತ್ರದ ಪದವಿಯನ್ನು ಮುಗಿಸಿ ಆಮೇಲೆ ಶಿಕ್ಷಕ ತರಬೇತಿಗೆ ಬರುವುದರಲ್ಲಿ ಯಾವ ಹಿನ್ನಡೆಯೂ ಇಲ್ಲ. ಸೇರಲೇಬೇಕೆಂದಿದ್ದರೆ, ಮಧ್ಯದಲ್ಲಿ ಮನಸ್ಸು ಬದಲಾದಾಗ ವಿಜ್ಞಾನ ಪದವಿಯನ್ನಷ್ಟೇ ಪಡೆದು ಹೊರಬರಲು ಸಾಧ್ಯವೇ ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳಿ.

ಸೇರಿದ ಮೇಲೆ ಪಠ್ಯಕ್ರಮದಲ್ಲಿ ಇರಲಿ, ಇಲ್ಲದಿರಲಿ, ಒಂದು ಕೆಲಸವನ್ನು ನೀವಾಗಿಯೇ ರೂಢಿಸಿಕೊಳ್ಳಬೇಕು. ಕಾಲೇಜಿನ ಪ್ರಯೋಗಾಲಯದಲ್ಲಿ ದ್ರಾವಣಗಳನ್ನು ಯಾರೋ ತಯಾರಿಸಿ ಸೀಸೆಯಲ್ಲಿಟ್ಟಿರುತ್ತಾರೆ. ವಿದ್ಯಾರ್ಥಿಯು ಬ್ಯೂರೆಟ್ಟಿಗೆ ತುಂಬಿಕೊಂಡರಾಯಿತು. ಪ್ರಯೋಗಾಲಯ ಸಹಾಯಕರಿಲ್ಲದ ಶಾಲೆಗೆ ಹೋದ ಮೊದಲ ವಾರದಲ್ಲೇ ಆ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಆದ್ದರಿಂದ ಪ್ರಯೋಗಾಲಯದ ಸಿಬ್ಬಂದಿಯ ಒಪ್ಪಿಗೆ ಪಡೆದು ವಾರಕ್ಕೊಂದು ಮಧ್ಯಾಹ್ನ ಅವರ ಜೊತೆ ತಯಾರಿಯಲ್ಲಿ ತೊಡಗಿ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನ ಒಂದು ಲೀಟರಿಗೆ 4 ಗ್ರಾಂ ಬೇಕೆಂದು ಲೆಕ್ಕ ಹೇಳುತ್ತದೆ. ಆದರೆ ಆ ಗುಳಿಗೆಗಳು ತೂಗುತ್ತಿರುವಾಗಲೇ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಳ್ಳುತ್ತವೆ, ಹಾಗಾಗಿ ಆ ದ್ರಾವಣದ ಸಾರತೆಯನ್ನು ಆಕ್ಸಾಲಿಕ್ ಆಮ್ಲದ ಪ್ರಮಾಣಿತ ದ್ರಾವಣದಿಂದ ಅಳೆದು ಖಚಿತಪಡಿಸಿಕೊಳ್ಳಬೇಕು. ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸುವುದು, ಯಾವ ರಾಸಾಯನಿಕದ ಪಕ್ಕ ಯಾವುದನ್ನು ಇಡಬಾರದೆಂದು ತಿಳಿಯುವುದು, ಉಳಿದದ್ದನ್ನು ಎಲ್ಲಿ ಸುರಿಯಬೇಕು, ಎಲ್ಲಿ ಸುರಿಯಬಾರದು ಎಂಬುದು, ಇವನ್ನೆಲ್ಲ ಕೈಯಿಂದ ಮಾಡಿಯೇ ಕಲಿಯಬೇಕು, ಮತ್ತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬೇಕು.