ಪದೇ ಪದೇ ಕ್ರ್ಯಾಶ್ ಆಗುವ ಕಂಪ್ಯೂಟರ್: ಫಾರ್ಮ್ಯಾಟ್‌ಗೆ ಮೊದಲು ನೋಡಬೇಕಾದ್ದು

ಪ್ರೋಗ್ರಾಂಗಳು ತಾವಾಗಿ ಮುಚ್ಚಿಕೊಳ್ಳತೊಡಗಿದ ಕೂಡಲೇ ವಿಂಡೋಸ್ ಫಾರ್ಮ್ಯಾಟ್ ಮಾಡಿಸಬೇಡಿ. ದೋಷ ರ‍್ಯಾಮ್‌ನಲ್ಲಿದ್ದರೆ (ಓಡುತ್ತಿರುವ ಪ್ರೋಗ್ರಾಂಗಳ ಮಾಹಿತಿ ತಾತ್ಕಾಲಿಕವಾಗಿ ಕೂರುವ ಮೆಮೊರಿ) ಹೊಸ ವಿಂಡೋಸ್‌ಗೂ ಅದೇ ಗತಿ.

ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ (ವಿಂಡೋಸ್ ಬರೆದಿಡುವ ಘಟನೆಗಳ ದಾಖಲೆ) ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಕ್ರ್ಯಾಶ್ ಆದ ಹೊತ್ತಿಗೆ ಈವೆಂಟ್ 1000 ಇರುತ್ತದೆ. ಅದರಲ್ಲಿ ‘ಫಾಲ್ಟಿಂಗ್ ಮಾಡ್ಯೂಲ್’ (ಯಾವ ಫೈಲ್‌ನಲ್ಲಿ ಕ್ರ್ಯಾಶ್ ಆಯಿತು ಎಂಬ) ಸಾಲನ್ನು ಬರೆದಿಟ್ಟುಕೊಳ್ಳಿ. ಪ್ರತಿ ಸಲವೂ ಒಂದೇ ಪ್ರೋಗ್ರಾಂ, ಒಂದೇ ಮಾಡ್ಯೂಲ್ ಆದರೆ ಆ ಪ್ರೋಗ್ರಾಂ ಅಥವಾ ಡ್ರೈವರ್ (ಯಂತ್ರದ ಭಾಗಗಳನ್ನು ವಿಂಡೋಸ್‌ಗೆ ಜೋಡಿಸುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ದಿನಕ್ಕೊಂದು ಪ್ರೋಗ್ರಾಂ, ದಿನಕ್ಕೊಂದು ಮಾಡ್ಯೂಲ್ ಬೀಳುತ್ತಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಸಿಸ್ಟಮ್ ಲಾಗ್‌ನಲ್ಲಿ ಕಾಣುವ ಈವೆಂಟ್ 41ಕ್ಕೆ ಗಾಬರಿ ಬೇಡ: ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದಷ್ಟೇ ಅದರ ಅರ್ಥ. ಮಳೆಗಾಲದಲ್ಲಿ ಉಡುಪಿ ಕಡೆ ಕರೆಂಟ್ ಹೋದಾಗಲೂ ಅದು ಬರುತ್ತದೆ.

ಪ್ರೋಗ್ರಾಂ ತಾನು ಪಡೆದ ಮೆಮೊರಿಯನ್ನು ಬಿಟ್ಟುಕೊಡದಿರುವುದೇ ಮೆಮೊರಿ ಸೋರಿಕೆ; ಅದರ ಲಕ್ಷಣ ಬೇರೆ. ಬೆಳಿಗ್ಗೆ ಚುರುಕಾಗಿದ್ದ ಕಂಪ್ಯೂಟರ್ ಸಂಜೆಗೆ ತೆವಳುತ್ತದೆ, ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಡೀಟೇಲ್ಸ್‌ನಲ್ಲಿ ಕಾಲಂ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಮಿಟ್ ಸೈಜ್’ (ಪ್ರೋಗ್ರಾಂ ಕಾದಿರಿಸಿಕೊಂಡ ಮೆಮೊರಿ), ‘ಹ್ಯಾಂಡಲ್ಸ್’ (ಅದು ತೆರೆದಿಟ್ಟುಕೊಂಡ ಫೈಲ್ ಮುಂತಾದವುಗಳ ಎಣಿಕೆ) ಸೇರಿಸಿ. ಅರ್ಧ ಗಂಟೆಗೊಮ್ಮೆ ಅಂಕಿ ಗುರುತು ಹಾಕಿ. ಏರಿ ಒಂದು ಮಟ್ಟದಲ್ಲಿ ನಿಂತರೆ ಅದು ಕ್ಯಾಶೆ (ಮತ್ತೆ ಬೇಕಾದೀತೆಂದು ಇಟ್ಟುಕೊಂಡ ಮಾಹಿತಿ), ಚಿಂತೆಯಿಲ್ಲ. ಕೆಲಸವಿಲ್ಲದಿದ್ದಾಗಲೂ ಏರುತ್ತಲೇ ಇದ್ದರೆ ಸೋರುವ ಪ್ರೋಗ್ರಾಂ ಸಿಕ್ಕಿತು. ಕ್ರೋಮ್ ಆದರೆ ಶಿಫ್ಟ್, ಎಸ್ಕೇಪ್ ಒತ್ತಿ. ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ ಎಂಬುದೂ ತಿಳಿಯುತ್ತದೆ. ಯಾವ ಪ್ರೋಗ್ರಾಂ ಕೂಡ ಬೆಳೆಯದೆ ಪರ್ಫಾರ್ಮೆನ್ಸ್ ಪುಟದ ‘ನಾನ್-ಪೇಜ್ಡ್ ಪೂಲ್’ (ವಿಂಡೋಸ್ ಮತ್ತು ಡ್ರೈವರ್‌ಗಳು ಬಳಸುವ ಮೆಮೊರಿ) ಮಾತ್ರ ಜಿಬಿ ದಾಟಿ ಏರುತ್ತಿದ್ದರೆ ಸೋರುತ್ತಿರುವುದು ಡ್ರೈವರ್. ನೆಟ್‌ವರ್ಕ್ ಡ್ರೈವರ್, ಆಂಟಿವೈರಸ್‌ಗಳಿಂದ ಹುಡುಕಾಟ ಶುರು ಮಾಡಿ.

ಮಲ್ಪೆ, ಸುರತ್ಕಲ್‌ನಂಥ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿ, ತೇವ ಸೇರಿ ಲೋಹದ ಸಂಪರ್ಕಗಳು ಕೆಡುತ್ತವೆ. ಹಾಗಾಗಿ ಇಲ್ಲಿ ರ‍್ಯಾಮ್ ಬದಲಿಸುವ ಮೊದಲು ಒರೆಸಿ ನೋಡಲೇಬೇಕು. ಪ್ಲಗ್ ಕಿತ್ತು ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಕ್ಯಾಬಿನೆಟ್‌ನ ಬರಿ ಲೋಹ ಮುಟ್ಟಿ, ಲಾಚ್ ಬಿಡಿಸಿ ರ‍್ಯಾಮ್ ತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ. ರಬ್ಬರ್‌ನಿಂದ ಉಜ್ಜಿದರೆ ಲೇಪ ಸವೆಯುತ್ತದೆ, ಪುಡಿ ಸ್ಲಾಟ್‌ಗೆ ಬೀಳುತ್ತದೆ. ಪೂರ್ತಿ ಒಣಗಿದ ಮೇಲೆ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ.

ನಂತರ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ, ಎಫ್1 ಒತ್ತಿ ‘ಎಕ್ಸ್‌ಟೆಂಡೆಡ್’ ಆರಿಸಿ ರಾತ್ರಿಯಿಡೀ ಬಿಡಿ. ಒಂದೇ ಒಂದು ದೋಷ ತೋರಿಸಿದರೂ ಬಿಡುವಂತಿಲ್ಲ: ಒಂದೊಂದೇ ರ‍್ಯಾಮ್ ಅನ್ನು ಒಂದೇ ಸ್ಲಾಟ್‌ನಲ್ಲಿ ಹಾಕಿ ಮತ್ತೆ ಪರೀಕ್ಷಿಸಿ. ಒಂದರಲ್ಲಿ ಮಾತ್ರ ದೋಷ ಬಂದರೆ ಅದನ್ನು ಬದಲಿಸಿ. ಎಲ್ಲದರಲ್ಲೂ ಬಂದರೆ ಸ್ಲಾಟ್ ಬದಲಿಸಿ ನೋಡಿ.