ಬಗ್ಗಬೇಕಾದ್ದು ಬಗ್ಗಲಿ: ನನ್ನ ಆರ್‌ಸಿ ಟ್ರಕ್ ಗಟ್ಟಿಯಾದ ಬಗೆ

ಆರ್‌ಸಿ ಟ್ರಕ್, ಅಂದರೆ ರಿಮೋಟ್‌ನಲ್ಲಿ ಓಡಿಸುವ ಪುಟ್ಟ ಟ್ರಕ್, ಕೊಳ್ಳುವವರು ಮೊದಲು ಕೇಳುವುದು ಸ್ಪೀಡ್ ಎಷ್ಟು ಅಂತ. ನಾನು ಮೊದಲು ನೋಡಿದ್ದು ಬಿಡಿಭಾಗ ಸಿಗುತ್ತಾ ಅಂತ. ಕಲ್ಲುಮಣ್ಣಲ್ಲಿ ಓಡುವ ಗಾಡಿಯಲ್ಲಿ ಏನಾದರೊಂದು ಮುರಿದೇ ಮುರಿಯುತ್ತದೆ. ಒಂದು ಪ್ಲಾಸ್ಟಿಕ್ ತುಂಡು ಸಿಗದೆ ಇಡೀ ಟ್ರಕ್ ಅಟ್ಟ ಸೇರಬಾರದು ಅಲ್ವಾ?

ಹಾಗಾಗಿ ಟ್ರಾಕ್ಸಸ್ ಕಂಪನಿಯ ಸ್ಲ್ಯಾಶ್ ತಗೊಂಡೆ, ಟೂ ವೀಲ್ ಡ್ರೈವ್‌ನದು. ನಿಜವಾದ ಟ್ರಕ್‌ನ 1/10 ಅಳತೆ, ಹೆಚ್ಚುಕಡಿಮೆ 57 ಸೆಂ.ಮೀ. ಉದ್ದ. 2008ರಲ್ಲಿ ಬಂದ ಮಾಡೆಲ್, ಬೇರೆ ಕಂಪನಿಗಳೂ ಇದಕ್ಕೆ ಭಾಗ ಮಾಡುತ್ತವೆ. ಫೋರ್ ವೀಲ್ ಡ್ರೈವ್ ಮಣ್ಣಲ್ಲಿ ಇನ್ನೂ ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಮುಂದೆ ಇನ್ನೊಂದು ಡಿಫರೆನ್ಷಿಯಲ್ (ಎಡಬಲ ಚಕ್ರಗಳಿಗೆ ಬಲ ಹಂಚುವ ಗೇರ್ ಜೋಡಣೆ), ಇನ್ನಷ್ಟು ಶಾಫ್ಟು. ಬಿಚ್ಚಿ ಜೋಡಿಸುವ ಕೆಲಸ ಜಾಸ್ತಿ.

ಅಪ್‌ಗ್ರೇಡ್ ಅಂದ ಕೂಡಲೇ ಎಲ್ಲರ ಕಣ್ಣು ಬೀಳುವುದು ಬಣ್ಣಬಣ್ಣದ ಅಲ್ಯೂಮಿನಿಯಂ ಭಾಗಗಳ ಮೇಲೆ. ಚಕ್ರ ಹಿಡಿದಿರುವ ಆರ್ಮ್‌ಗೆ ಅದನ್ನು ನಾನು ಹಾಕುವುದಿಲ್ಲ. ಚಕ್ರ ಕಲ್ಲಿಗೆ ಬಡಿದಾಗ ಆ ಪೆಟ್ಟು ಎಲ್ಲಾದರೂ ಹೋಗಲೇಬೇಕು. ಪ್ಲಾಸ್ಟಿಕ್ ಆರ್ಮ್ ಸ್ವಲ್ಪ ಬಗ್ಗಿ ಅದನ್ನು ನುಂಗುತ್ತದೆ. ಲೋಹದ್ದು ಬಗ್ಗುವುದಿಲ್ಲ, ಪೆಟ್ಟನ್ನು ಒಳಕ್ಕೆ ದಾಟಿಸುತ್ತದೆ. ಆಗ ಸೀಳುವುದು ಆರ್ಮ್ ಕೂತಿರುವ ಬಲ್ಕ್‌ಹೆಡ್. ಆರ್ಮ್ ಬದಲಿಸಲು ಒಂದು ಪಿನ್, ಒಂದೆರಡು ಸ್ಕ್ರೂ ಬಿಚ್ಚಿದರೆ ಆಯಿತು. ಬಲ್ಕ್‌ಹೆಡ್ ಬದಲಿಸಬೇಕೆಂದರೆ ಮುಂಭಾಗವನ್ನೇ ಕಳಚಬೇಕು. ಅದಕ್ಕೇ ಆರ್‌ಪಿಎಂ ಕಂಪನಿಯ ನೈಲಾನ್ ಆರ್ಮ್‌ಗಳನ್ನು ಹಾಕಿದೆ, ಬಂಪರ್ ಕೂಡ ಅವರದೇ. ಕೈಯಲ್ಲಿ ಹಿಡಿದು ತಿರುಚಿದರೆ ತಿರುಚಿಕೊಂಡು ಮತ್ತೆ ನೆಟ್ಟಗಾಗುತ್ತವೆ.

ಬಗ್ಗಬಾರದ ಜಾಗಗಳೂ ಇವೆ. ಗೇರ್ ಹಲ್ಲು ಅಂಥದ್ದು. ಸ್ಟೀರಿಂಗ್ ಸರ್ವೋ, ಅಂದರೆ ಮುಂದಿನ ಚಕ್ರಗಳನ್ನು ಎಡಬಲ ತಿರುಗಿಸುವ ಪುಟ್ಟ ಮೋಟಾರು, ಮೆಟಲ್ ಗೇರ್ ಇರುವುದನ್ನೇ ಹಾಕಿದೆ, ಯಾಕೆಂದರೆ ಡಿಕ್ಕಿಯಲ್ಲಿ ಚಕ್ರ ತಿರುಚಿದ ಪೆಟ್ಟು ಆ ಹಲ್ಲುಗಳಿಗೂ ಹೋಗುತ್ತದೆ. ಪಿನಿಯನ್ (ಮೋಟಾರಿನ ಚಿಕ್ಕ ಗೇರ್) ಮತ್ತು ಸ್ಪರ್ ಗೇರ್ (ಅದು ತಿರುಗಿಸುವ ದೊಡ್ಡ ಗೇರ್) ಕೂರಿಸುವಾಗ ಅವುಗಳ ನಡುವೆ ಒಂದು ತೆಳು ಕಾಗದದ ಪಟ್ಟಿ ಇಡುತ್ತೇನೆ. ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಗೇರ್ ತಿರುಗಿಸಿ ಕಾಗದ ಹೊರಗೆ ತೆಗೆಯುತ್ತೇನೆ. ಕಾಗದ ಹರಿಯದೆ, ಹಲ್ಲಿನ ಮಡಿಕೆ ಸ್ಪಷ್ಟವಾಗಿ ಮೂಡಿದ್ದರೆ ಸರಿ. ಹರಿದಿದ್ದರೆ ತುಂಬಾ ಬಿಗಿ, ಮಡಿಕೆ ಮಸುಕಾಗಿದ್ದರೆ ಸಡಿಲ. ಸಡಿಲ ಬಿಟ್ಟರೆ ಸ್ಪರ್ ಗೇರ್ ಹಲ್ಲು ಪುಡಿಯಾಗುತ್ತದೆ. ಮೋಟಾರ್ ಸ್ಕ್ರೂಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು. ಲೋಹಕ್ಕೆ ಲೋಹ ಸೇರುವ ಕಡೆ ಮಾತ್ರ. ಪ್ಲಾಸ್ಟಿಕ್‌ಗೆ ತಾಗಿದರೆ ಅದು ಬಿರುಕು ಬಿಡಬಹುದು.

ನಾನು ಓಡಿಸುವುದು ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳದಲ್ಲಿ. ಅಲ್ಲಿಯ ಕೆಂಪು ಧೂಳು ಹಿಟ್ಟಿನಂತೆ ಸಣ್ಣದು, ಬೇರಿಂಗ್ ಒಳಗೂ ನುಗ್ಗುತ್ತದೆ. ರಬ್ಬರ್ ಸೀಲ್ ಇರುವ ಬೇರಿಂಗ್ ಹಾಕಿದ ಮೇಲೆ ಆ ಕಾಟ ಕಡಿಮೆಯಾಯಿತು. ಆದರೂ ಮನೆಗೆ ಬಂದ ಮೇಲೆ ಪೇಂಟ್ ಬ್ರಷ್‌ನಲ್ಲಿ ಧೂಳು ಉದುರಿಸಿ, ಚಕ್ರ ಒಂದೊಂದನ್ನೇ ಬೆರಳಲ್ಲಿ ತಿರುಗಿಸಿ ನೋಡುತ್ತೇನೆ. ಗರಗರ ಅಂದರೆ ಆ ಬೇರಿಂಗ್ ಹೊರಗೆ. ಬಾಡಿ ಒಳಗೆ ಸೀಳುವ ಮೂಲೆಗಳಿಗೆ ಜಾಲರಿ ಟೇಪ್ (ಗೋಡೆ ಬಿರುಕಿಗೆ ಅಂಟಿಸುವಂಥದ್ದು) ಹಾಕಿ, ಅದರ ಮೇಲೆ ಶೂ ಅಂಟು ಬಳಿದಿದ್ದೇನೆ. ಚೆಂದ ಕಾಣಲ್ಲ, ಗಟ್ಟಿಯಿದೆ.

ಬ್ಯಾಟರಿ 7.4 ವೋಲ್ಟ್‌ನ ಲೈಪೋ, ಅಂದರೆ ಲಿಥಿಯಂ ಪಾಲಿಮರ್. ಮೋಟಾರಿಗೆ ಕರೆಂಟ್ ಅಳೆದು ಕೊಡುವ ಸ್ಪೀಡ್ ಕಂಟ್ರೋಲರ್‌ನಲ್ಲಿ ಲೋ ವೋಲ್ಟೇಜ್ ಕಟ್-ಆಫ್ (ವೋಲ್ಟ್ ತೀರಾ ಇಳಿಯುವ ಮುಂಚೆ ನಿಲ್ಲಿಸುವುದು) ಆನ್ ಇರಲೇಬೇಕು, ಇಲ್ಲದಿದ್ದರೆ ಸೆಲ್ ಸತ್ತೇ ಹೋಗುತ್ತದೆ. ಓಡಿಸದೆ ಇಡುವಾಗ ಪ್ರತಿ ಸೆಲ್ಲನ್ನು ಸುಮಾರು 3.8 ವೋಲ್ಟ್‌ಗೆ ತಂದಿಡುತ್ತೇನೆ. ಚಾರ್ಜ್ ಆಗುವಾಗ ಪಕ್ಕದಲ್ಲೇ ಇರುತ್ತೇನೆ, ಇದರಲ್ಲಿ ರಾಜಿಯಿಲ್ಲ.

ಬ್ರಷ್‌ಲೆಸ್ ಮೋಟಾರ್ ಇನ್ನೂ ಹಾಕಿಲ್ಲ. ಈಗಿರುವುದರ ಬ್ರಷ್ (ಒಳಗೆ ಉಜ್ಜುತ್ತಾ ಕರೆಂಟ್ ದಾಟಿಸುವ ತುಂಡು) ಸವೆದ ಮೇಲೆ ಹಾಕುವ ಆಸೆಯಿದೆ. ಅದರ ಜೋರು ತಡೆಯಲು ಹಿಂದಿನ ಡ್ರೈವ್ ಶಾಫ್ಟ್‌ಗಳನ್ನೂ ಉಕ್ಕಿನದಕ್ಕೆ ಬದಲಿಸಬೇಕು, ಹಾಗಾಗಿ ಮೋಟಾರ್ ದುಡ್ಡನ್ನಷ್ಟೇ ಕೂಡಿಟ್ಟರೆ ಸಾಲದು.