ಎರೆಮಣ್ಣಿನ ಊರಿನಲ್ಲಿ ದಾಸವಾಳ: ನನ್ನ ಅನುಭವ

ಕಲಬುರಗಿಯಲ್ಲಿ ದಾಸವಾಳ ಬೆಳೆಸುವವರು ಹೂವಿನ ಬಣ್ಣಕ್ಕಿಂತ ಮೊದಲು ತಮ್ಮ ಅಂಗಳದ ಮಣ್ಣನ್ನು ನೋಡಬೇಕು ಎಂಬುದು ಹಲವು ವರ್ಷ ಈ ಗಿಡಗಳೊಡನೆ ಕೆಲಸ ಮಾಡಿದ ಮೇಲೆ ನನಗೆ ಖಚಿತವಾಗಿರುವ ಮಾತು. ತೋಟಗಾರಿಕೆಯ ಪುಸ್ತಕಗಳು ದಾಸವಾಳವನ್ನು ಚಳಿ ತಾಳುವ ಜಾತಿಗಳು, ಉಷ್ಣವಲಯದ ಜಾತಿಗಳು ಎಂದು ಎರಡಾಗಿ ವಿಂಗಡಿಸುತ್ತವೆ. ಹಿಮ ಬೀಳುವ ನಾಡಿನವರಿಗೆ ಆ ವಿಂಗಡಣೆ ಬೇಕೇ ಬೇಕು. ನಮ್ಮಲ್ಲಿ ಗಿಡದ ಜೀವ ತೆಗೆಯುವುದು ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಬಿಸಿಲು, ಸುಣ್ಣದಂಶ ತುಂಬಿದ ಎರೆಮಣ್ಣು ಮತ್ತು ಬೋರಿನ ಗಡಸು ನೀರು. ಈ ಮೂರನ್ನೂ ಯಾವ ಗಿಡ ಎಷ್ಟು ತಾಳೀತು ಎಂಬುದರ ಮೇಲೆಯೇ ನಾನು ಗಿಡ ಆರಿಸುತ್ತೇನೆ.

ಮನೆಮನೆಯ ಪೂಜೆಗೆ ಒದಗುವ ಕೆಂಪು ದಾಸವಾಳ, ಅಂದರೆ ಹಿಬಿಸ್ಕಸ್ ರೋಸಾ ಸೈನೆನ್ಸಿಸ್, ಉಷ್ಣವಲಯದ ನಿತ್ಯಹಸಿರು ಪೊದೆ. ಅದರಲ್ಲಿ ಐದು ಎಸಳಿನ ಹಳೆಯ ನಾಟಿ ತಳಿ ತನ್ನದೇ ಬೇರಿನ ಮೇಲೆ ನಿಲ್ಲುತ್ತದೆ, ಬಿಸಿಲಿಗೆ ಬಾಡಿದರೂ ಒಂದು ಮಳೆ ಬಿದ್ದರೆ ಚೇತರಿಸಿಕೊಳ್ಳುತ್ತದೆ. ಮೊದಲ ಸಲ ಬೆಳೆಸುವವರಿಗೆ ನಾನು ಕೊಡುವುದು ಇದನ್ನೇ. ಹಳದಿ, ಕಿತ್ತಳೆ, ನೇರಳೆ ಬಣ್ಣಗಳು ಒಂದೇ ಹೂವಿನಲ್ಲಿ ಬೆರೆತಿರುವ ಹೈಬ್ರಿಡ್ ಗಿಡಗಳು ನಮ್ಮ ಊರಿನ ನರ್ಸರಿಗಳಿಗೆ ಬಹುಮಟ್ಟಿಗೆ ಪುಣೆಯಿಂದಲೂ ಆಂಧ್ರದ ಕಡಿಯಂನಿಂದಲೂ ಬರುತ್ತವೆ. "ಅಕ್ಕಾರ, ಇದು ಕಸಿ ಗಿಡ ಅದ ನೋಡ್ರಿ, ಹೂವು ತಾಟಿನಷ್ಟು ದೊಡ್ಡದು ಬರ್ತದ" ಎಂದು ನರ್ಸರಿಯವರು ಹೇಳಿದಾಗ ನಾನು ಹೂವನ್ನು ಬಿಟ್ಟು ಕಾಂಡದ ಬುಡ ನೋಡುತ್ತೇನೆ. ಕಸಿಯ ಗಂಟು ಮಣ್ಣಿನಿಂದ ನಾಲ್ಕು ಬೆರಳು ಮೇಲಿರಬೇಕು, ಅಲ್ಲಿ ಸೀಳು ಇರಬಾರದು, ಗಂಟಿನ ಕೆಳಗಿನಿಂದ ಚಿಗುರು ಹೊರಟಿರಬಾರದು. ಆ ಕೆಳಚಿಗುರು ಬೇರು ಕೊಟ್ಟ ನಾಟಿ ಗಿಡದ್ದು. ಅದನ್ನು ಬೆಳೆಯಬಿಟ್ಟರೆ ಮೇಲಿನ ಹೈಬ್ರಿಡ್ ಕೊರಗಿ ಸಾಯುತ್ತದೆ. ಎಲೆಯ ಆಕಾರದಲ್ಲೇ ವ್ಯತ್ಯಾಸ ತಿಳಿಯುತ್ತದೆಯಾದ್ದರಿಂದ ನೀರು ಹಾಕುವಾಗಲೆಲ್ಲ ಬುಡದ ಕಡೆ ಒಮ್ಮೆ ಕಣ್ಣಾಡಿಸಿ, ಕಂಡ ಕೂಡಲೇ ಅದನ್ನು ಉಗುರಿನಿಂದ ಚಿವುಟಿ ಹಾಕಬೇಕು. ಎಸಳುಗಳು ಸೀಳಿ ಸುರುಳಿಯಾಗಿ ಝುಮಕಿಯಂತೆ ತೂಗುವ ಹಿಬಿಸ್ಕಸ್ ಸ್ಕೈಜೋಪೆಟಾಲಸ್ ಪೂರ್ವ ಆಫ್ರಿಕಾದ್ದು. ಅರೆನೆರಳಿನ ಮೂಲೆ ಇದ್ದವರು ಅದನ್ನು ಧಾರಾಳವಾಗಿ ಹಚ್ಚಬಹುದು.

ಚಳಿ ತಾಳುವ ಜಾತಿಗಳಲ್ಲಿ ನಮ್ಮ ಭಾಗಕ್ಕೆ ನಾನು ಒಪ್ಪುವುದು ಹಿಬಿಸ್ಕಸ್ ಸಿರಿಯಾಕಸ್ ಒಂದನ್ನೇ. ಇದು ದಕ್ಷಿಣ ಕೊರಿಯಾದ ರಾಷ್ಟ್ರೀಯ ಹೂವು. ಅಲ್ಲಿ ಹೆಪ್ಪುಗಟ್ಟುವ ಚಳಿಯಲ್ಲಿ ಎಲೆ ಉದುರಿಸಿ ನಿಂತು ಬೇಸಿಗೆಯಲ್ಲಿ ಹೂಬಿಡುತ್ತದೆ. ಮೂರು ಸೀಳಿನ ಹಲ್ಲಂಚಿನ ಚಿಕ್ಕ ಎಲೆ, ಬಿಳಿ ಇಲ್ಲವೆ ತಿಳಿನೇರಳೆ ಹೂವು ಇದರ ಗುರುತು. ಚಳಿಗಾಗಿ ಪ್ರಸಿದ್ಧವಾದ ಈ ಗಿಡ ಸುಣ್ಣದ ಮಣ್ಣನ್ನು ಕೆಂಪು ದಾಸವಾಳಕ್ಕಿಂತ ಚೆನ್ನಾಗಿ ತಾಳುತ್ತದೆ ಎಂಬುದು ನಮಗೆ ಲಾಭದ ವಿಷಯ. ಡಿಸೆಂಬರ್‌ನಲ್ಲಿ ಎಲೆ ಹಳದಿಯಾಗಿ ಉದುರಿದಾಗ ಗಿಡ ಸತ್ತಿತೆಂದು ಕಿತ್ತುಹಾಕಿದವರನ್ನು ಕಂಡಿದ್ದೇನೆ. ತೊಗಟೆಯನ್ನು ಸ್ವಲ್ಪ ಗೀರಿ ನೋಡಿ, ಒಳಗೆ ಹಸಿರಿದ್ದರೆ ಗಿಡಕ್ಕೆ ಜೀವವಿದೆ. ಊಟದ ತಾಟಿನಗಲ ಹೂಬಿಡುವ ಹಿಬಿಸ್ಕಸ್ ಮಾಸ್ಕ್ಯೂಟಾಸ್‌ನ ಬೀಜಗಳನ್ನು ಇತ್ತೀಚೆಗೆ ಬಹಳ ಜನ ತರಿಸುತ್ತಾರೆ. ಅದು ಉತ್ತರ ಅಮೆರಿಕದ ಪೂರ್ವಭಾಗದ ಜೌಗು ನೆಲದ ಗಿಡ. ಚಳಿಗಾಲದಲ್ಲಿ ನೆಲಮಟ್ಟಕ್ಕೆ ಒಣಗಿ ಬೇರಿನಿಂದ ಮತ್ತೆ ಚಿಗುರುವುದು ಅದರ ಸ್ವಭಾವ, ಸದಾ ಒದ್ದೆಯಾದ ಬುಡ ಅದಕ್ಕೆ ಬೇಕು. ಬೇಸಿಗೆಯಲ್ಲಿ ಕುಡಿಯುವ ನೀರಿಗೂ ಲೆಕ್ಕವಿಡುವ ಊರಿನಲ್ಲಿ ಅದನ್ನು ಬೆಳೆಸಿ ಎಂದು ನಾನು ಯಾರಿಗೂ ಹೇಳಲಾರೆ. ದೊಡ್ಡ ಹೂವೇ ಬೇಕೆನ್ನುವವರಿಗೆ ಬೆಳಿಗ್ಗೆ ಬಿಳಿಯಾಗಿ ಅರಳಿ ಸಂಜೆಗೆ ಗುಲಾಬಿಯಾಗುವ ಬೆಟ್ಟದಾವರೆ, ಅಂದರೆ ಹಿಬಿಸ್ಕಸ್ ಮ್ಯುಟಬಿಲಿಸ್, ಅದಕ್ಕಿಂತ ಒಳ್ಳೆಯ ಆಯ್ಕೆ.

ಇನ್ನು ಮಣ್ಣಿನ ವಿಚಾರ. ಒಂದು ಹಿಡಿ ಒಣಮಣ್ಣಿನ ಮೇಲೆ ವಿನೆಗರ್ ಹನಿಸಿ ಕಿವಿ ಹತ್ತಿರ ತಂದರೆ, ಸುಣ್ಣ ಹೆಚ್ಚಿರುವ ಮಣ್ಣು ಚುರ್ರೆಂದು ನೊರೆಯೇಳುತ್ತದೆ. ಶಹಾಬಾದ್, ಸೇಡಂ, ಚಿತ್ತಾಪುರದ ಕಡೆ ನೆಲದಡಿಯಲ್ಲಿರುವುದೇ ಸುಣ್ಣಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿಗೆ ಬಂದದ್ದೂ ಅದಕ್ಕಾಗಿಯೇ. ದಾಸವಾಳಕ್ಕೆ ತುಸು ಹುಳಿಯ ಮಣ್ಣು, ಅಂದರೆ ರಸಸಾರ (ಪಿಎಚ್) 6ರಿಂದ 7ರೊಳಗಿನದು ಹಿತ; ನಮ್ಮ ಎರೆ ಸಾಮಾನ್ಯವಾಗಿ 8ರ ಮೇಲಿರುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣದಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಆಗ ಕುಡಿಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಬಲೆ ಹೆಣೆದಂತೆ ಹಸಿರಾಗಿ ಉಳಿಯುತ್ತವೆ. ಹಳೆಯ ಎಲೆ ಹಳದಿಯಾದರೆ ಅದು ಸಾರಜನಕದ ಕೊರತೆ ಇರಬಹುದು, ಎಲೆಯ ವಯಸ್ಸೇ ಮುಗಿದಿರಬಹುದು. ಹೊಸ ಎಲೆಯೇ ಹಳದಿಯಾದರೆ ಮೊದಲು ಕಬ್ಬಿಣವನ್ನು ಶಂಕಿಸಬೇಕು. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ನಿಂಬೆ ಉಪ್ಪು ಕರಗಿಸಿ ಸಂಜೆ ಎಲೆಗಳಿಗೆ ಸಿಂಪಡಿಸಿದರೆ ಹಸಿರು ಮರಳುತ್ತದೆ. ಆದರೆ ಅದು ತಾತ್ಕಾಲಿಕ ಉಪಚಾರ. ಮಣ್ಣಿಗೇ ಕೊಡುವುದಾದರೆ, ಸುಣ್ಣದಲ್ಲೂ ಕಬ್ಬಿಣವನ್ನು ಬೇರಿಗೆ ದಕ್ಕುವಂತೆ ಹಿಡಿದಿಡುವ ಇಡಿಡಿಎಚ್‌ಎ ರೂಪದ ಕಬ್ಬಿಣವನ್ನು ಕೇಳಿ ತರಬೇಕು. ಅಗ್ಗಕ್ಕೆ ಸಿಗುವ ಇಡಿಟಿಎ ರೂಪ ಇಷ್ಟು ಸುಣ್ಣದ ಮಣ್ಣಿನಲ್ಲಿ ನಿಲ್ಲುವುದಿಲ್ಲ.

ಎರೆಯನ್ನು ತಿದ್ದುವುದಕ್ಕಿಂತ ಅದರ ಮೇಲೆ ಬೇರೆ ಮಣ್ಣು ಕೂಡಿಸುವುದು ಸುಲಭ. ಬೀದರ್ ಕಡೆಯ ಕೆಂಪುಮಣ್ಣು ಜಂಬಿಟ್ಟಿಗೆಯಿಂದಾದದ್ದು, ನೀರು ಬಸಿಯುವಂಥದ್ದು. ಬೀದರಿನಲ್ಲೇ ಇರುವವರಿಗೆ ಈ ತೊಂದರೆ ಅರ್ಧದಷ್ಟೂ ಇಲ್ಲ. ಅವರು ಗಮನಿಸಬೇಕಾದದ್ದು ಚಳಿಗಾಲದ ರಾತ್ರಿಗಳಲ್ಲಿ ಹೈಬ್ರಿಡ್ ಗಿಡಗಳ ಮೊಗ್ಗು ಮಂದವಾಗುವುದನ್ನು ಮಾತ್ರ. ನಾನು ಎರಡು ಪಾಲು ಕೆಂಪುಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸುತ್ತೇನೆ. ಈ ಮಿಶ್ರಣವನ್ನು ಎರೆಯಲ್ಲಿ ಗುಂಡಿ ತೋಡಿ ತುಂಬಬಾರದು. ಮಳೆಗಾಲದಲ್ಲಿ ಸುತ್ತಲಿನ ಎರೆ ನೀರನ್ನು ಹೊರಗೆ ಬಿಡದೆ ಗುಂಡಿಯನ್ನೇ ತೊಟ್ಟಿಯಾಗಿಸುತ್ತದೆ, ಬೇರು ಕೊಳೆಯುತ್ತದೆ. ನೆಲದ ಮೇಲೆ ಒಂದೂವರೆ ಅಡಿ ಎತ್ತರ, ಮೂರು ಅಡಿ ಅಗಲದ ದಿಬ್ಬ ಕಟ್ಟಿ, ಅಂಚಿಗೆ ಇಟ್ಟಿಗೆ ಕೊಟ್ಟು, ಅದರಲ್ಲಿ ಗಿಡ ಹಚ್ಚುವುದು ನನ್ನ ಪದ್ಧತಿ.

ನೀರಿನಲ್ಲೂ ಅಷ್ಟೇ ಎಚ್ಚರ ಬೇಕು. ಕೂಲರ್‌ನಲ್ಲಿ ಉಳಿದ ನೀರನ್ನು ಗಿಡಕ್ಕೆ ಸುರಿಯುವ ರೂಢಿ ನಮ್ಮಲ್ಲಿದೆ. ಆವಿಯಾಗಿ ಉಳಿದ ಆ ನೀರಿನಲ್ಲಿ ಬೋರಿನ ಲವಣವೆಲ್ಲ ಗಟ್ಟಿಯಾಗಿ ಸೇರಿರುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರೂ ಅಂಥದ್ದೇ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಮಾತ್ರ ಲವಣವಿಲ್ಲ, ಕೊಡಪಾನ ಇಟ್ಟು ಹಿಡಿದರೆ ಕುಂಡದ ಗಿಡಗಳಿಗೆ ಅದು ಬಹಳ ಒಳ್ಳೆಯದು. ಒಲೆಯ ಬೂದಿ ಮತ್ತು ಮೊಟ್ಟೆಯ ಸಿಪ್ಪೆ ಸುಣ್ಣವನ್ನೇ ಹೆಚ್ಚಿಸುತ್ತವೆ, ಆದ್ದರಿಂದ ನಾನು ಅವನ್ನು ದಾಸವಾಳದ ಬುಡಕ್ಕೆ ಹಾಕುವುದಿಲ್ಲ. ಒಕ್ಕಲುತನದ ಮನೆಗಳಲ್ಲಿ ಸದಾ ಇರುವ, ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರ ಕೂಡ ಬೇಡ. ರಂಜಕ ಹೆಚ್ಚಾದರೆ ಕಬ್ಬಿಣ ಇನ್ನಷ್ಟು ದುರ್ಲಭವಾಗುತ್ತದೆ. ಹೂವಿಗೆ ಬೇಕಾದದ್ದು ಪೊಟ್ಯಾಶ್, ಅದನ್ನು ಸಲ್ಫೇಟ್ ರೂಪದಲ್ಲಿ ತಿಂಗಳಿಗೊಮ್ಮೆ ಒಂದು ಚಿಕ್ಕ ಚಮಚ ಕೊಟ್ಟರೆ ಸಾಕು. ಕುರಿಗೊಬ್ಬರ ಖಾರವಾದದ್ದು, ಪೂರ್ತಿ ಕಳಿತದ್ದಾದರೆ ಮಾತ್ರ ಹಾಕಬಹುದು.

ಬೇಸಿಗೆಯಲ್ಲಿ ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಪೂರ್ವದ ಗೋಡೆಯ ಬದಿಯೇ ದಾಸವಾಳದ ಸ್ಥಾನ. ಪರ್ಸಿ ಕಲ್ಲು ಹಾಸಿದ ಅಂಗಳದಲ್ಲಿ ಕಲ್ಲು ಕಾದು ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಬಿಸಿ ಉಗುಳುತ್ತದೆ, ಕಪ್ಪು ಪ್ಲಾಸ್ಟಿಕ್ ಕುಂಡದೊಳಗೆ ಬೇರು ಬೇಯುತ್ತದೆ. ನಾನು ಕುಂಡಗಳನ್ನು ಇಟ್ಟಿಗೆಯ ಮೇಲೇರಿಸಿ, ಸುತ್ತ ಗೋಣಿಚೀಲ ಸುತ್ತಿ ಒದ್ದೆಮಾಡುತ್ತೇನೆ, ಬುಡಕ್ಕೆ ಕಬ್ಬಿನ ರವದಿ ಹೊದಿಸುತ್ತೇನೆ, ಪಶ್ಚಿಮಕ್ಕೆ ತೊಗರಿ ಕಟ್ಟಿಗೆಯ ತಟ್ಟಿ ನಿಲ್ಲಿಸುತ್ತೇನೆ. ಇಷ್ಟಾದರೂ ಮೇ ತಿಂಗಳಲ್ಲಿ ಹೈಬ್ರಿಡ್ ಗಿಡದ ಮೊಗ್ಗು ಉದುರುತ್ತದೆ. ಆಗ ಗೊಬ್ಬರ ಹಾಕಿ ಹೂವಿಗಾಗಿ ಒತ್ತಾಯಿಸದೆ ಎಲೆ ಉಳಿಸಿಕೊಂಡರೆ, ಮಳೆ ಹಿಡಿದ ಮೇಲೆ ಗಿಡ ತಾನಾಗಿ ಹೂವಿಗೆ ಬರುತ್ತದೆ.

ಹತ್ತಿ, ಬೆಂಡೆ ಮತ್ತು ನಾವು ರೊಟ್ಟಿಯೊಡನೆ ಉಣ್ಣುವ ಪುಂಡಿಪಲ್ಯ ದಾಸವಾಳದ ಕುಟುಂಬಕ್ಕೇ ಸೇರಿದವು. ಅದರಲ್ಲೂ ಪುಂಡಿಯಂತೂ ಹಿಬಿಸ್ಕಸ್ ಕುಲದ್ದೇ. ಹೀಗಾಗಿ ಹತ್ತಿಯ ಹೊಲದ ಹಿಟ್ಟು ತಿಗಣೆಗೆ ನಮ್ಮ ಅಂಗಳದ ಗಿಡವೂ ಆಹಾರ. ಯಾದಗಿರಿ ಮತ್ತು ಜೇವರ್ಗಿಯ ಹತ್ತಿ ಬೆಳೆಯುವ ಊರುಗಳವರು ಕುಡಿಗಳ ಸಂದಿಯಲ್ಲಿ ಬಿಳಿ ಹತ್ತಿಯಂತೆ ಅಂಟಿರುವುದನ್ನು ವಾರಕ್ಕೊಮ್ಮೆಯಾದರೂ ಹುಡುಕಬೇಕು. ಕಾಂಡದ ಮೇಲೆ ಇರುವೆಗಳ ಸಾಲು ಕಂಡರೆ ತಿಗಣೆ ಬಂದಿರಬಹುದೆಂದು ಶಂಕಿಸಬೇಕು, ಏಕೆಂದರೆ ಅದು ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ. ಮುತ್ತಿದ ಕುಡಿಯನ್ನು ಕತ್ತರಿಸಿ ಸುಟ್ಟು, ಉಳಿದ ಗಿಡಕ್ಕೆ ನೀರನ್ನು ರಭಸವಾಗಿ ಹೊಡೆದು, ಮರುದಿನ ಸಂಜೆ ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಎಲೆಯ ಅಡಿಭಾಗಕ್ಕೂ ತಾಗುವಂತೆ ಸಿಂಪಡಿಸಬೇಕು. ವಾರ ಬಿಟ್ಟು ಮತ್ತೊಮ್ಮೆ ಸಿಂಪಡಿಸಬೇಕು.

ದಾಸವಾಳ ಹೂಬಿಡುವುದು ಹೊಸ ಚಿಗುರಿನ ತುದಿಯಲ್ಲಾದ್ದರಿಂದ ರೆಂಬೆಗಳನ್ನು ಕತ್ತರಿಸಿ ಸವರುವುದು ಅಗತ್ಯ. ಸಿರಿಯಾಕಸ್ ಅನ್ನು ಎಲೆಯಿಲ್ಲದ ಜನವರಿಯಲ್ಲೇ ಸವರಬಹುದು. ಕೆಂಪು ದಾಸವಾಳವನ್ನು ಬೇಸಿಗೆಗೆ ಮೊದಲು ಮುಟ್ಟಬಾರದು, ನೆರಳು ತಪ್ಪಿದ ಕಾಂಡದ ತೊಗಟೆ ಬಿಸಿಲಿಗೆ ಸುಡುತ್ತದೆ. ಜೂನ್‌ನಲ್ಲಿ ಮಳೆ ನೆಲೆಯೂರಿದ ಮೇಲೆ ಮೂರನೆಯ ಒಂದು ಭಾಗ ಸವರಬೇಕು. ಆ ಕಡ್ಡಿಗಳನ್ನು ಎಸೆಯಬಾರದು. ಪೆನ್ಸಿಲ್ ದಪ್ಪದ, ಗೇಣುದ್ದದ ತುಂಡುಗಳ ಕೆಳಗಿನ ಎಲೆ ತೆಗೆದು, ಕಣ್ಣಿನ, ಅಂದರೆ ಎಲೆ ಹೊರಡುವ ಗಂಟಿನ, ಕೆಳಗೆ ಓರೆಯಾಗಿ ಕೊಯ್ದು, ಒದ್ದೆ ಮರಳಿನಲ್ಲಿ ನೆರಳಿಗಿಟ್ಟರೆ ನಾಟಿ ತಳಿ ಶ್ರಾವಣದ ಹೊತ್ತಿಗೆ ಬೇರು ಬಿಟ್ಟಿರುತ್ತದೆ. ಹೈಬ್ರಿಡ್‌ನ ಕಡ್ಡಿಗಳೂ ಕೆಲವೊಮ್ಮೆ ಬೇರು ಬಿಡುತ್ತವೆ. ಆದರೆ ನಮ್ಮ ಮಣ್ಣಿನಲ್ಲಿ ಅವು ಸ್ವಂತ ಬೇರಿನ ಮೇಲೆ ಗಟ್ಟಿಯಾಗಿ ನಿಲ್ಲುವುದನ್ನು ನಾನು ಕಂಡಿಲ್ಲವಾದ್ದರಿಂದ, ಹೀಗೆ ಬೇರು ಬಿಟ್ಟ ನಾಟಿ ಕಡ್ಡಿಗಳನ್ನು ಮರುವರ್ಷ ಹೈಬ್ರಿಡ್‌ನ ಕಸಿಗೆ ಬುಡವಾಗಿ ಬಳಸುತ್ತೇನೆ.